ನಡುಗಡ್ಡೆ ಸೀಮೆಯ ಒಂಬತ್ತು ಸೆಕೆಂಡು

ದೇಶದ ಮಹಾಸಭೆಯಲ್ಲಿ ಒಂದು ಸೀಮೆಗೆ ಜನ ಎಷ್ಟೋ ಮಾತಾಡುವ ಹೊತ್ತೂ ಅಷ್ಟೇ. ನಡುಗಡ್ಡೆ ಸೀಮೆಗೆ ವರ್ಷಕ್ಕೆ ಒಂಬತ್ತು ಸೆಕೆಂಡು. ಸಭೆಯಲ್ಲಿ ಬಾಯಿಬಿಟ್ಟು ಕೇಳಿದ್ದಷ್ಟೇ ಸಿಗುವುದು. ಅಲ್ಲಿನ ಸದಸ್ಯೆ ನೀಲವ್ವ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು: "ನಮ್ಮ ಹೊಳಿಗೆ ಒಂದು ಮೋಟಾರ್ ದೋಣಿ ಕೊಡ್ರಿ, ಬಸುರಿ ಹೆಣ್ಮಕ್ಕಳು ದಂಡಿಮ್ಯಾಲೆ ಸಾಯಾಕತ್ತಾರ." ಅವಳ ಹಿರಿಮಗಳು ಹೋದ ಮಳೆಗಾಲದಲ್ಲಿ ಹಾಗೇ ಸತ್ತಿದ್ದಳು. ಕಿರಿಯವಳು ಈಗ ಏಳು ತಿಂಗಳ ಬಸುರಿ.

ಸರದಿ ಬಂತು, ಎದ್ದಳು. ಅವಳ ಸೀಮೆಯಲ್ಲಿ ಎದುರಿನವರ ಕ್ಷೇಮ ವಿಚಾರಿಸದೆ ಯಾರೂ ತಮ್ಮ ಕಷ್ಟದ ಮಾತು ತೆಗೆಯುವುದಿಲ್ಲ. ಬಾಯಿ ತಾನಾಗಿ ಅಂದುಬಿಟ್ಟಿತು:

"ಎಲ್ಲಾರೂ ಆರಾಮ ಅದೀರೇನ್ರಿ?"

ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕಲ್ಲ, ಕಾದಳು. ತಮ್ಮ ಸೆಕೆಂಡು ಖರ್ಚು ಮಾಡಿ ಉತ್ತರ ಕೊಡುವವರು ಯಾರು? ಗಂಟೆ ಹೊಡೆಯಿತು.

"ಅಯ್ಯ, ನಾ ಹೇಳೂದು ಹೇಳೇ ಇಲ್ರೀ ಯಪ್ಪಾ!"

"ಮುಂದಿನ ವರ್ಷ ಹೇಳಿ ತಾಯಿ," ಎಂದರು ಸಭಾಪತಿಗಳು. "ಆಹಾ, ಎಂಥ ಸಂಸ್ಕಾರವಂತ ಜನ ನಿಮ್ಮವರು!"

ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಆಮೇಲೆ ನಾಲ್ಕು ಗಂಟೆ ಮಾತಿರುವ ದೊಡ್ಡ ಸೀಮೆಯವನು ಎದ್ದ. ಕನ್ನಡಕ ಒರೆಸಿಕೊಂಡ, ನಿಧಾನವಾಗಿ ನೀರು ಕುಡಿದ, "ಈ ದೇಶ ಒಂದೇ ಕುಟುಂಬ" ಎಂದು ಶುರುಮಾಡಿದ.

ನೀಲವ್ವ ಕೂತಲ್ಲೇ ಬೆರಳು ಮಡಿಚಿದಳು. ಮಗಳ ಹೆರಿಗೆ ಶ್ರಾವಣಕ್ಕೆ. ಹೊಳೆ ಆಷಾಢದಲ್ಲೇ ತುಂಬುತ್ತದೆ.