ಸರ್ವಾನುಮತ

“ನಾರ್ವೇಜಿಯನ್ ವಿಭಾಗವನ್ನು ಮುಚ್ಚಬಾರದು ಅನ್ನೋರು ಕೈ ಎತ್ತಿ” ಎಂದು ಅಧ್ಯಕ್ಷೆ ಹೇಳಿದ್ದೇ ತಡ, ಕಾಲೇಜಿನ ಅಧ್ಯಾಪಕರ ಸೆನೆಟ್ ಸಭೆಯಲ್ಲಿ ಕೈಗಳು ಒಂದರ ಹಿಂದೊಂದು ಮೇಲೆದ್ದವು. ಆ ವಿಭಾಗದಲ್ಲಿ ಉಳಿದಿದ್ದ ಒಬ್ಬಳೇ ಅಧ್ಯಾಪಕಿ ಸೋಲ್ವೇಗ್ ತನ್ನ ಕೈ ಎತ್ತುವುದನ್ನೂ ಮರೆತು ಸುತ್ತ ನೋಡಿದಳು. ಗಣಿತದವರು, ಕೃಷಿಯವರು, ಅವಳೊಡನೆ ಮಾತು ಬಿಟ್ಟು ವರ್ಷಗಳಾಗಿದ್ದ ಇತಿಹಾಸದ ಮುದುಕ, ಎಲ್ಲರೂ ಎತ್ತಿದ್ದರು.

“ಎತ್ತೇ ಕೈನ, ಮದುಮಗಳ ಹಾಗೆ ಕೂತಿದೀಯಲ್ಲ!” ಪಕ್ಕದಲ್ಲಿದ್ದ ರಸಾಯನಶಾಸ್ತ್ರದ ಮಾರ್ಸಿ ಮೊಣಕೈಯಿಂದ ತಿವಿದಳು. “ಅಲ್ನೋಡು, ಪ್ರೊವೊಸ್ಟೂ ಎತ್ತಿದಾರೆ. ಗೆದ್ದೆ ಕಣೇ!”

ಸೋಲ್ವೇಗ್ ನೋಡಿದಳು. ವಿಭಾಗ ಮುಚ್ಚುವ ಮಾತು ಹೊರಟಿದ್ದೇ ಆಡಳಿತ ನಡೆಸುವ ಪ್ರೊವೊಸ್ಟ್ ಕೆಸೆಲ್ ಅವರ ಕಚೇರಿಯಿಂದ. ಸೆನೆಟ್ಟಿನಲ್ಲಿ ಅವರಿಗೂ ಒಂದು ಮತವಿತ್ತು. ಹಿಂದೆಲ್ಲ ಇಂಥ ಠರಾವು ಬಂದರೆ ಎದ್ದು ನಿಂತು ಅದರ ವಿರುದ್ಧ ವಾದಿಸುತ್ತಿದ್ದ, ಮೊದಲೇ ಒಬ್ಬೊಬ್ಬರ ಕೋಣೆಗೂ ಹೋಗಿ ಪುಸಲಾಯಿಸುತ್ತಿದ್ದ ಅವರು ಇಂದು ಅವಳ ಮುಂದಿನ ಸಾಲಿನಲ್ಲೇ ಕುಕೀ ಮೆಲ್ಲುತ್ತ, ಇನ್ನೊಂದು ಕೈಯನ್ನು ಆರಾಮವಾಗಿ ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ್ದರು. ಕೊನೆಗೆ ಅವಳೂ ಕೈ ಎತ್ತಿದಳು.

“ಸರ್ವಾನುಮತ!” ಎಂದು ಅಧ್ಯಕ್ಷೆ ಸಾರಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಗದ್ದಲದಲ್ಲೇ ಕೆಸೆಲ್ ಹಿಂದಕ್ಕೆ ಬಾಗಿ ಅವಳೊಬ್ಬಳಿಗೇ ಕೇಳುವಂತೆ ಹೇಳಿದರು: “ಸೆನೆಟ್ಟಿಂದು ಬರೀ ಸಲಹೆ ತಾನೇ, ತೀರ್ಮಾನ ಟ್ರಸ್ಟಿಗಳದು. ಅವ್ರಿಗೆ ಖಂಡಿತ ತಲುಪಿಸ್ತೀನಿ. ಅವ್ರು ಹೋದ ವಾರಾನೇ ಮುಚ್ಚೋದಕ್ಕೆ ಸಹಿ ಹಾಕಿಬಿಟ್ಟಿದಾರೆ, ನಿಜ. ಆದ್ರೂ ತಲುಪಿಸ್ತೀನಿ ಸೋಲ್ವೇಗ್.”

ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಚಪ್ಪಾಳೆ ಇನ್ನೂ ಜೋರಾಯಿತು. ಮಾರ್ಸಿ ತೋಳು ಹಿಡಿದು ಎಬ್ಬಿಸಿದ್ದರಿಂದ ಸೋಲ್ವೇಗ್ ಎದ್ದು ನಿಂತು, ಎಲ್ಲರಿಗೂ ತಲೆಬಾಗಿ ವಂದಿಸಬೇಕಾಯಿತು.