ಶಾಂಭವಿಯ ಡ್ರಾ

ಟೂರ್ನಿಯ ನಡುವೆ ತೀರಿಕೊಂಡವರು ಬಾಕಿ ಪಂದ್ಯ ಆಡಲು ಹಾಸನದ ಚೆಸ್ ಕ್ಲಬ್ಬಿಗೆ ಬರುವುದು ವಾಡಿಕೆ. ಸೋತರೂ ಗೆದ್ದರೂ ಅವರು ಹೊರಟುಹೋಗುತ್ತಾರೆ. ಡ್ರಾ ಆದರೆ ಮುಂದಿನ ಭಾನುವಾರ ಮತ್ತೆ ಬರಬೇಕು. ಸತ್ತವರು ತಾವಾಗಿ ಸೋಲೊಪ್ಪುವಂತಿಲ್ಲ.

ತೀರಿಕೊಂಡ ಪ್ರದ್ಯುಮ್ನನ ಬಾಕಿ ಪಂದ್ಯ ಹೆಂಡತಿ ಶಾಂಭವಿಯ ಜೊತೆ. ಅವನು ಬದುಕಿದ್ದಾಗ ಇಬ್ಬರೂ ಆಟದಲ್ಲಿ ಸರಿಸಮ. ಇವತ್ತು ಅವನು ಬೇಕೆಂದೇ ರಾಜನನ್ನು ಬಯಲಿಗೆ ತಂದಿದ್ದ.

"ಒಂದೇ ನಡೆಗೆ ಚೆಕ್‌ಮೇಟ್ ಇದೆ ಕಣೇ. ಅದೂ ಕಾಣಲ್ವಾ?"

"ಆಡೋವಾಗ ಮಾತಾಡಬಾರದು ರೀ."

"ಸುಸ್ತಾಗಿದೆ ಶಾಂಭವಿ. ಕಳಿಸಿಕೊಡೇ."

ಅವಳು ರಾಣಿಯನ್ನು ಎತ್ತಿ, ಮೇಟ್ ಬಿಟ್ಟು ಬರೀ ಚೆಕ್ ಕೊಟ್ಟಳು. ರಾಜನಿಗೆ ಓಡಾಡಲು ಎರಡೇ ಮನೆಗಳಿದ್ದವು. ಅವನು ಸರಿಸಿದ; ಅವಳು ಮತ್ತೆ ಚೆಕ್ ಕೊಟ್ಟಳು. ಅದೇ ಸ್ಥಿತಿ ಮೂರನೇ ಸಲ ಬಂದಾಗ, ನಿಯಮದಂತೆ ಡ್ರಾ ಕೇಳಲು ತೀರ್ಪುಗಾರರತ್ತ ಕೈ ಎತ್ತಿದಳು.

"ಭಾನುವಾರ ಬೇಗ ಬನ್ನಿ," ಎಂದಳು.