ಹುಲ್ಲು ತುಂಬಿದ ಕರು

ಪುಟ್ಟಪ್ಪ ಸತ್ತ ಕರುವನ್ನು ಎತ್ತಿಕೊಂಡು ಬಂದು ಅದರ ತಾಯಿ ಬೆಳ್ಳಿಯ ಮುಂದೆ ನಿಲ್ಲಿಸಿದ. ಕರು ಅಂದರೆ ಬರೀ ತೊಗಲು. ಲಿಂಗಪ್ಪನ ಕೈಲಿ ಸುಲಿಸಿ, ಒಳಗೆ ಒಣಹುಲ್ಲು ತುರುಕಿ, ಹೊಟ್ಟೆ ಹೊಲಿಸಿ, ಬಿದಿರಿನ ಕಾಲು ಕೊಡಿಸಿದ್ದ. ಕರು ಕಾಣದಿದ್ದರೆ ಒದೆಯುತ್ತಿದ್ದ ಹಸು, ಪಾಪ, ಅದನ್ನೇ ನೆಕ್ಕುತ್ತಾ ಹಾಲು ಬಿಟ್ಟಿತು. ಅವನ ಹೆಂಡತಿ ಜಲಜಮ್ಮನಿಗೆ ಈ ಆಟ ಮೊದಲಿಂದಲೂ ಹಿಡಿಸಿರಲಿಲ್ಲ. ಹೆತ್ತ ಜೀವಕ್ಕೆ ಅಷ್ಟಾದರೂ ಸಮಾಧಾನ ಸಿಗಲಿ ಎಂದು ತನಗೆ ತಾನೇ ಹೇಳಿಕೊಂಡು ಹಾಲು ಕರೆಯಲು ಕೂತಿದ್ದಳು.

ಕೊಪ್ಪದ ಕಾಲೇಜಿನಿಂದ ಸೀತೂರಿಗೆ ಬಂದಿಳಿದ ಮಗಳು ನಯನ, ಪೇಪರ್ ಹಿಡಿದು ನೇರ ಕೊಟ್ಟಿಗೆಗೇ ಬಂದಳು.

"ಅಮ್ಮಾ, ಇಲ್ ಕೇಳು. ಸ್ಪೇನ್ ದೇಶದಲ್ಲಿ ನಿರ್ವಂಶ ಆಗಿದ್ದ ಕಾಡಾಡನ್ನ ತಿರುಗಿ ಹುಟ್ಟಿಸಿದಾರಂತೆ. ಕಡೇ ಆಡಿನ ಕಿವಿಯಿಂದ ಒಂಚೂರು ಚರ್ಮ ತೆಗೆದಿಟ್ಟಿದ್ರಂತೆ. ಅದರಿಂದ."

"ಸತ್ತಿದ್ದರ ಚರ್ಮದಿಂದ್ಲಾ?" ಜಲಜಮ್ಮ ತಲೆಯೆತ್ತಿ ಮಗಳನ್ನು ನೋಡಿದಳು. "ಹೆತ್ತಿದ್ ಯಾರು ಹಂಗಾರೆ?"

"ಬೇರೆ ಆಡು. ಎಷ್ಟೋ ಆಡುಗಳ ಹೊಟ್ಟೇಲಿ ಇಟ್ಟು ನೋಡಿದ್ರಂತೆ, ಒಂದೇ ಒಂದು ಹುಟ್ಟಿದ್ದು."

"ಮರಿ ಈಗ ಎಲ್ಲುಂಟು?"

ನಯನಳ ದನಿ ಸ್ವಲ್ಪ ಇಳಿಯಿತು. "ಉಸಿರಾಡಕ್ಕಾಗದೆ ಕೆಲವೇ ನಿಮಿಷಕ್ಕೆ ಸತ್ತೋಯ್ತು. ಆದ್ರೂ ಅಮ್ಮ, ಕೊಂದು ಮುಗಿಸಿದ್ದು ಮನುಷ್ಯರೇ ಅಲ್ವಾ? ತಿರುಗಿ ತರಬೇಕಾದ್ದೂ ನಾವೇ."

"ಕೊಂದಿದ್ದು ನಾವು, ಹೆರಬೇಕಾದ್ದು ಅದಾ?" ಎಂದಳು ಜಲಜಮ್ಮ. ಆಮೇಲೆ ತಡೆದು ಕೇಳಿದಳು: "ಮರಿ ಸತ್ತಾಗ ಆ ತಾಯಿ ಎಂತ ಮಾಡ್ತು?"

ನಯನ ಪೇಪರನ್ನು ತಿರುವಿ ತಿರುವಿ ನೋಡಿದಳು. "ಅದನ್ನ ಹಾಕಿಲ್ಲ."

ಅಷ್ಟರಲ್ಲಿ ಪರ್ರನೆ ಏನೋ ಹರಿದ ಸದ್ದಾಯಿತು. ನೆಕ್ಕಿ ನೆಕ್ಕಿ ಕರುವಿನ ಹೊಟ್ಟೆಯ ಹೊಲಿಗೆ ಬಿಚ್ಚಿಕೊಂಡಿತ್ತು. ಒಳಗಿನ ಹುಲ್ಲು ಹೊರಗೆ ಇಣುಕಿತ್ತು. ಬೆಳ್ಳಿ ಮೂಸಿ ನೋಡಿ ಒಂದು ಎಳೆ ಎಳೆಯಿತು, ಮತ್ತೊಂದು ಎಳೆಯಿತು, ಆಮೇಲೆ ತನ್ನ ಕರುವಿನ ಹೊಟ್ಟೆಗೇ ಬಾಯಿ ಹಾಕಿ ನಿಧಾನಕ್ಕೆ ಅಗಿಯತೊಡಗಿತು.

ನಯನ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿದಳು.

"ಲಿಂಗಪ್ಪ ಹೊಲಿಗೆ ಸಡಿಲ ಹಾಕಿದಾನೆ ಮಾರಾಯ್ತಿ," ಎಂದ ಪುಟ್ಟಪ್ಪ. "ನಾಳೆ ಬಿಗಿ ಮಾಡಿಸ್ತೆ."

ಜಲಜಮ್ಮ ಬೆಚ್ಚಿ ಕೆಳಗೆ ನೋಡಿದಳು. ಅವಳ ಕೈ ಇನ್ನೂ ಹಾಲು ಕರೆಯುತ್ತಲೇ ಇತ್ತು.